ಜೋಡಿ ನಾಗಸ್ವರ: ಎರಡನೆಯ ವಾದಕನ ಸ್ಥಾನವಿಚಾರ

ಮದುವೆಯ ಚಪ್ಪರದಲ್ಲಾಗಲಿ ದೇವಸ್ಥಾನದ ಉತ್ಸವದಲ್ಲಾಗಲಿ ನಾಗಸ್ವರವು ಸಾಮಾನ್ಯವಾಗಿ ಒಂಟಿಯಾಗಿ ಬರುವುದಿಲ್ಲ. ಊದುವವರಿಬ್ಬರು, ಡೋಲಿನವರು, ಶ್ರುತಿಗೊಬ್ಬ, ತಾಳಕ್ಕೊಬ್ಬ, ಇಷ್ಟು ಮಂದಿ ಕೂಡಿದ ಮೇಳವನ್ನು ನಮ್ಮ ಜನರು ಓಲಗವೆಂದು ಕರೆಯುತ್ತಾರೆ. ವೀಳ್ಯವನ್ನು ಮೊದಲನೆಯ ವಾದಕನ ಕೈಗೆ ಕೊಡುವುದು ರೂಢಿ. ಉಳಿದವರನ್ನು ಅವನು ಕರೆತರುತ್ತಾನೆ. ಹೊಗಳುವಾಗಲೂ ತೆಗಳುವಾಗಲೂ ಆ ಒಬ್ಬನ ಹೆಸರನ್ನೇ ಎತ್ತುವುದು ವಾಡಿಕೆಯಾಗಿದೆ. ಅವನ ಮಗ್ಗುಲಲ್ಲಿ ನಿಂತು ಅದೇ ಕೃತಿಯನ್ನು ಅದೇ ಕಾಲದಲ್ಲಿ ಊದಿದವನ ವಿಷಯವಾಗಿ ವಿಮರ್ಶಕರು ಬರೆಯುವುದು ಬಹಳ ಹೆಚ್ಚೆಂದರೆ ಒಂದು ವಾಕ್ಯ. ಇದು ಯುಕ್ತವೇ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡಲಾಗುವುದು.

ಮೊದಲು ಪೂರ್ವಪಕ್ಷವನ್ನು ಹೇಳುವೆನು. ಇಬ್ಬರು ಒಂದೇ ಸ್ವರವನ್ನು ಒಂದೇ ಸಮಯದಲ್ಲಿ ನುಡಿಸಿದರೆ ಅದು ಪುನರುಕ್ತಿ. ಪುನರುಕ್ತಿಯು ದೋಷವೆಂಬುದು ಆಲಂಕಾರಿಕರ ಮತ. ಇದು ಒಂದನೆಯ ಆಕ್ಷೇಪ. ಬಯಲಿನಲ್ಲಿ ಧ್ವನಿಯು ದೂರ ಹೋಗಬೇಕೆಂದು ಪೂರ್ವಿಕರು ಇಬ್ಬರನ್ನು ನಿಲ್ಲಿಸಿದರು. ಧ್ವನಿವರ್ಧಕ ಯಂತ್ರವು ಬಂದಮೇಲೆ ಆ ಪ್ರಯೋಜನವೂ ತೀರಿತು. ಇದು ಎರಡನೆಯದು. ಎರಡನೆಯವನು ಬಹುಶಃ ಶಿಷ್ಯ, ಅವನು ಅಲ್ಲಿ ಅಭ್ಯಾಸಕ್ಕಾಗಿ ನಿಂತಿರುತ್ತಾನೆ. ಅಭ್ಯಾಸಿಗೆ ವಿಮರ್ಶೆ ಏತಕ್ಕೆ? ಇದು ಮೂರನೆಯದು. ಈ ಮೂರನ್ನೂ ಒಂದು ಕಾಲದಲ್ಲಿ ನಾನೇ ವಿದ್ಯಾರ್ಥಿಗಳ ಮುಂದೆ ಹೇಳುತ್ತಿದ್ದೆನಾದುದರಿಂದ ಇವುಗಳ ಬಲಾಬಲವನ್ನು ಬಲ್ಲೆನು.

ಇದಕ್ಕೆ ಸಮಾಧಾನವನ್ನು ಶಾಸ್ತ್ರದಿಂದಲೇ ಆರಂಭಿಸಬೇಕು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದ ಪ್ರಕೀರ್ಣಕಾಧ್ಯಾಯದಲ್ಲಿ ವೃಂದವನ್ನು, ಎಂದರೆ ಗಾಯಕವಾದಕರ ಸಮೂಹವನ್ನು, ಉತ್ತಮ ಮಧ್ಯಮ ಕನಿಷ್ಠವೆಂದು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಮುಖ್ಯಗಾಯಕನು ಒಬ್ಬನೇ ಆಗಿರುವ ಕನಿಷ್ಠವೃಂದದಲ್ಲಿಯೂ ಕೊಳಲಿನವರು ಇಬ್ಬರಿರಬೇಕೆಂದು ಅವನ ವಿಧಿ. ಜನರನ್ನು ಎಷ್ಟೇ ಕಡಮೆಮಾಡಿದರೂ ಸುಷಿರವಾದಕರನ್ನು ಒಬ್ಬನಿಗೆ ಇಳಿಸಲಿಲ್ಲವೆಂಬುದು ಗಮನಾರ್ಹವಾದ ಸಂಗತಿ. ಆಮೇಲೆ ಅವನು ವೃಂದಕ್ಕೆ ಆರು ಗುಣಗಳನ್ನು ಎಣಿಸುತ್ತಾನೆ. ಮುಖ್ಯನನ್ನು ಅನುಸರಿಸುವುದು, ಪರಸ್ಪರ ಮೇಳವಾಗುವುದು, ತಾಳವನ್ನು ಬಿಡದೆ ನಡೆಯುವುದು, ಒಬ್ಬರಲ್ಲಿ ತ್ರುಟಿತವಾದುದನ್ನು ಮತ್ತೊಬ್ಬರು ನಿರ್ವಹಿಸುವುದು, ಮೂರು ಸ್ಥಾಯಿಗಳಲ್ಲಿಯೂ ವ್ಯಾಪಿಸುವ ಶಕ್ತಿ, ಶಬ್ದಸಾದೃಶ್ಯ, ಇವೇ ಆ ಆರು. ಶಾರ್ಙ್ಗದೇವನು ಇಂದಿನ ಓಲಗವನ್ನು ಕಂಡು ಇದನ್ನು ಬರೆದನೆಂದು ನನ್ನ ವಾದವಲ್ಲ; ಈ ಲಕ್ಷಣವು ಈ ಲಕ್ಷ್ಯಕ್ಕೆ ಹೊಂದುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಆರರಲ್ಲಿ ನಾಲ್ಕನೆಯದೇ ಜೋಡಿವಾದನದ ಪ್ರಾಣವೆಂದು ನನಗೆ ತೋರುತ್ತದೆ. ವೀಣೆಯವನು ಉಸಿರಾಡುವುದಕ್ಕಾಗಿ ನಾದವನ್ನು ನಿಲ್ಲಿಸಬೇಕಾಗಿಲ್ಲ. ಊದುವವನಿಗೋ ಉಸಿರೇ ನಾದ. ಎಂತಹ ಬಲಶಾಲಿಯಾದರೂ ಪಲ್ಲವಿಯ ಮಧ್ಯದಲ್ಲಿ ಎಲ್ಲಿಯೋ ಒಂದು ಕಡೆ ಅವನು ಉಸಿರನ್ನು ಎಳೆದುಕೊಳ್ಳಬೇಕು. ಒಳ್ಳೆಯ ಜೋಡಿಯಲ್ಲಿ ಇಬ್ಬರೂ ಒಂದೇ ಕ್ಷಣದಲ್ಲಿ ಉಸಿರೆಳೆಯುವುದಿಲ್ಲ. ಒಬ್ಬನು ಬಿಟ್ಟ ಸ್ವರವು ಮತ್ತೊಬ್ಬನ ಕೊಳವೆಯಲ್ಲಿ ಮುಂದುವರಿಯುತ್ತಿರುತ್ತದೆ. ಕೇಳುವವನಿಗೆ ಸಂಗತಿಯು ಎಲ್ಲಿಯೂ ತುಂಡಾದಂತೆ ತೋರುವುದಿಲ್ಲ. ಹೀಗಿರುವುದರಿಂದ ಇದನ್ನು ಪುನರುಕ್ತಿಯೆನ್ನುವುದು ಸಲ್ಲದು. ಅಲಂಕಾರಶಾಸ್ತ್ರದಲ್ಲಿಯೇ ಲಾಟಾನುಪ್ರಾಸವೆಂಬುದೊಂದು ಉಂಟು. ಅಲ್ಲಿ ಶಬ್ದವೂ ಅರ್ಥವೂ ಅವೇ ಆಗಿದ್ದು ತಾತ್ಪರ್ಯಮಾತ್ರ ಬೇರೆಯಾಗುತ್ತದೆ. ಇಬ್ಬರು ವಾದಕರ ಸ್ವರ ಒಂದೇ, ತಾತ್ಪರ್ಯ ಬೇರೆ: ಒಬ್ಬನದು ಕಲ್ಪಿಸುವುದು, ಇನ್ನೊಬ್ಬನದು ಕಡಿಯದಂತೆ ಕಾಯುವುದು.

ಈ ಮಾತು ನನಗೆ ಹೊಳೆದುದು ಗ್ರಂಥವನ್ನು ಓದುವಾಗಲಲ್ಲ. ಕೆಲವು ವರ್ಷಗಳ ಹಿಂದೆ ಬಂಧುಗಳ ಮನೆಯ ವಿವಾಹವೊಂದರಲ್ಲಿ ನಾನು ವೈದಿಕರೊಡನೆ ಕುಳಿತಿದ್ದೆನು. ಮಾಂಗಲ್ಯಧಾರಣೆಯ ಮುಹೂರ್ತಕ್ಕೆ ಗಟ್ಟಿಮೇಳವಾಗಬೇಕು. ಆ ಕ್ಷಣದಲ್ಲಿ ಅಪಶಬ್ದವೊಂದೂ ಕಿವಿಗೆ ಬೀಳಬಾರದೆಂದು ಹಿರಿಯರ ನಂಬಿಕೆ. ಸರಿಯಾಗಿ ಅದೇ ಸಮಯಕ್ಕೆ ಮೊದಲನೆಯವರ ಸೀವಾಳಿ, ಎಂದರೆ ಬಾಯಲ್ಲಿಟ್ಟು ಊದುವ ದಂಟಿನ ನಾಲಗೆ, ಸೀಳಿಹೋಯಿತು. ಅವರು ಅದನ್ನು ಕಿತ್ತು ಬೇರೊಂದನ್ನು ಸಿಕ್ಕಿಸುವವರೆಗೆ ಎರಡನೆಯವರು ಒಬ್ಬರೇ ಮೇಳವನ್ನು ಎತ್ತಿಹಿಡಿದರು. ಚಪ್ಪರದಲ್ಲಿ ಯಾರಿಗೂ ಇದು ತಿಳಿಯಲಿಲ್ಲ. ನಾನು ಹತ್ತಿರ ಕುಳಿತಿದ್ದುದರಿಂದ ಕಂಡೆನು. ಊಟವಾದಮೇಲೆ, “ನಿಮ್ಮ ಶಿಷ್ಯರು ಚೆನ್ನಾಗಿ ಸುಧಾರಿಸಿದರು” ಎಂದು ಮೊದಲನೆಯವರಿಗೆ ಹೇಳಿದೆನು. ಅವರು, “ಶಿಷ್ಯರಲ್ಲ ಶಾಸ್ತ್ರಿಗಳೇ, ಜೊತೆಗಾರರು. ಅವರು ಬರುವುದಿಲ್ಲವೆಂದರೆ ನಾನು ವೀಳ್ಯವನ್ನೇ ತೆಗೆದುಕೊಳ್ಳುವುದಿಲ್ಲ” ಎಂದರು. ತ್ರುಟಿತನಿರ್ವಾಹವೆಂಬ ಪದವನ್ನು ಎಷ್ಟೋ ಸಲ ಪಾಠಹೇಳಿದ್ದ ನಾನು ಅದರ ಅರ್ಥವನ್ನು ಆ ದಿನ ಕೇಳಿದೆನು.

ಶಬ್ದಸಾದೃಶ್ಯವೆಂಬ ಆರನೆಯ ಗುಣವೂ ಸುಲಭವಾದುದಲ್ಲ. ನಾಗಸ್ವರದಲ್ಲಿ ಬೆರಳಿಡುವ ರಂಧ್ರಗಳು ಏಳು. ಉಳಿದ ಸ್ವರಭೇದಗಳನ್ನೂ ಗಮಕಗಳನ್ನೂ ರಂಧ್ರವನ್ನು ಅರೆಮುಚ್ಚಿ, ಉಸಿರನ್ನು ಏರಿಸಿ ಇಳಿಸಿ, ತುಟಿಯನ್ನು ಬಿಗಿಹಿಡಿದು ಪಡೆಯಬೇಕು. ಸೀವಾಳಿಯು ಬಾಯ ತೇವಕ್ಕೂ ಹವೆಗೂ ಬದಲಾಗುತ್ತದೆ. ಒಂದು ವಾದ್ಯವು ಸೆಕೆಂಡಿಗೆ 300 ಸಲವೂ ಇನ್ನೊಂದು 303 ಸಲವೂ ಕಂಪಿಸಿದರೆ, ಸೆಕೆಂಡಿಗೆ 3 ಸಲ ನಾದವು ಉಬ್ಬಿ ಕುಗ್ಗುವ ನಡುಕವು ಕಿವಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಒಂಟಿವಾದಕನ ಇಂತಹ ಅಲ್ಪವ್ಯತ್ಯಾಸವನ್ನು ಯಾರೂ ಕಾಣರು; ಜೋಡಿಯಲ್ಲಿ ಅದು ಬಯಲಾಗುತ್ತದೆ. ಆದಕಾರಣ ಎರಡನೆಯವನು ತನ್ನ ಶ್ರುತಿಯನ್ನು ಕ್ಷಣಕ್ಷಣಕ್ಕೂ ಮತ್ತೊಬ್ಬನ ಶ್ರುತಿಯಲ್ಲಿ ಕರಗಿಸುತ್ತಿರಬೇಕು. ಧ್ವನಿ ದೊಡ್ಡದಾಗಲೆಂದು ಮಾತ್ರ ಇಬ್ಬರು ನಿಲ್ಲುವುದಾದರೆ ಈ ಶ್ರಮವು ಅನಾವಶ್ಯಕವಾಗುತ್ತಿತ್ತು.

ಇನ್ನು ಪ್ರಯೋಗವನ್ನು ನೋಡೋಣ. ತಮಿಳುನಾಡಿನ ತಿರುವೀಳಿಮಿಳಲೈ ಸಹೋದರರು, ಸುಬ್ರಹ್ಮಣ್ಯ ಪಿಳ್ಳೆಯವರೂ ನಟರಾಜಸುಂದರಂ ಪಿಳ್ಳೆಯವರೂ, ಜೋಡಿವಾದನಕ್ಕೇ ಪ್ರಸಿದ್ಧರಾದವರು. ಕೃತಿಗಳನ್ನು ಹಾಡುವವರಂತೆ ಸಾಹಿತ್ಯಕ್ಕೆ ಹೊಂದಿಸಿ ನುಡಿಸುವುದು ಅವರ ಮಾರ್ಗ. ಅಲ್ಲಿ ಯಾರು ಮೊದಲು, ಯಾರು ಎರಡನೆಯವರು ಎಂಬ ಪ್ರಶ್ನೆಯೇ ಹಿಂದೆ ಸರಿಯುತ್ತದೆ. ಮಿಲನವೇ ಮುಂದೆ ನಿಲ್ಲುತ್ತದೆ. ಟಿ. ಎನ್. ರಾಜರತ್ನಂ ಪಿಳ್ಳೆಯವರದು (1898–1956) ಇನ್ನೊಂದು ಮಾರ್ಗ. ತೋಡಿಯ ಆಲಾಪನೆಗೆ ಹೆಸರಾದ ಆ ಮಹಾವಾದಕರ ಕಲ್ಪನೆಯು ಮುಂದಿನ ಕ್ಷಣದಲ್ಲಿ ಎತ್ತ ಹರಿಯುವುದೆಂದು ಜೊತೆಯಲ್ಲಿರುವವರು ಊಹಿಸುವುದೆಂತು? ಅವರೊಡನೆ ನುಡಿಸಿದ ಶಿಷ್ಯ ಕಾರುಕುರಿಚಿ ಅರುಣಾಚಲಂ (1921–1964) ಅವರಂತಹವರಿಗೆ ಮುಖ್ಯಾನುವೃತ್ತಿಯೇ ಪ್ರಧಾನಗುಣ. ಎಲ್ಲಿ ಸುಮ್ಮನಿರಬೇಕೆಂಬ ಅರಿವು ಅದರಲ್ಲಿ ಅರ್ಧಭಾಗ. ಎರಡನೆಯವನು ಶಿಷ್ಯನೇ ಆಗಿದ್ದರೂ ಅವನು ವಿಮರ್ಶೆಗೆ ಯೋಗ್ಯನಲ್ಲವೆನ್ನುವುದು ಹೇಗೆ ತಪ್ಪೆಂಬುದು ಇದರಿಂದ ತಿಳಿಯುತ್ತದೆ: ಆ ಶಿಷ್ಯರೇ ಮುಂದೆ ಪ್ರಥಮಪಂಕ್ತಿಯ ವಾದಕರಾದರು.

ನಮ್ಮ ದಕ್ಷಿಣಕನ್ನಡದಲ್ಲಿ ಮದುವೆಗೂ ದೇವಕಾರ್ಯಕ್ಕೂ ನಾಗಸ್ವರದ ಜೊತೆಗೆ, ಕೆಲವೆಡೆ ಅದರ ಸ್ಥಾನದಲ್ಲಿಯೇ, ಸ್ಯಾಕ್ಸೋಫೋನು ಬಂದಿದೆ. ನಾಗಸ್ವರವಾದಕರ ಮಗನಾಗಿ ಹುಟ್ಟಿ ಆ ಪರದೇಶದ ವಾದ್ಯವನ್ನು ಕರ್ನಾಟಕಸಂಗೀತಕ್ಕೆ ಪಳಗಿಸಿದವರು ಕದ್ರಿ ಗೋಪಾಲನಾಥರು. ಅವರು 2019ರಲ್ಲಿ ತೀರಿಕೊಂಡರು. ಅಮೆರಿಕದ ರುದ್ರೇಶ್ ಮಹಾಂತಪ್ಪನವರೊಡನೆ ಅವರು ನುಡಿಸಿದ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯು 2008ರಲ್ಲಿ ಹೊರಬಂದಿತು. ಇಬ್ಬರದೂ ಒಂದೇ ಜಾತಿಯ ವಾದ್ಯ, ಸಂಪ್ರದಾಯಗಳು ಬೇರೆ. ಇಲ್ಲಿ ಸಾದೃಶ್ಯಕ್ಕಿಂತ ಸಂವಾದವು ಮುಖ್ಯ. ಇದೂ ರಮ್ಯವೇ, ಆದರೆ ಇದು ಪ್ರಶ್ನೋತ್ತರದ ಸೊಗಸು, ಓಲಗದ ಜೋಡಿಯದು ಏಕಪ್ರಾಣದ ಸೊಗಸು. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದು, ‘ಇಲ್ಲಿ ಎರಡನೆಯವನದೇನೂ ಹೊಸದಿಲ್ಲ’ ಎನ್ನುವುದು ವಿಮರ್ಶೆಯಲ್ಲ.

ಪೂರ್ವಪಕ್ಷದಲ್ಲಿ ಸತ್ಯಾಂಶವೇ ಇಲ್ಲವೆಂದು ಹೇಳಲಾರೆನು. ಗಟ್ಟಿಯಾಗಿ ಊದುವುದನ್ನೇ ವಿದ್ಯೆಯೆಂದು ತಿಳಿದು ಮುಖ್ಯನನ್ನು ಮುಚ್ಚಿಬಿಡುವ ಜೊತೆಗಾರರುಂಟು. ಸಂಖ್ಯೆಯನ್ನು ತುಂಬಿಸುವುದಕ್ಕಾಗಿ ಕರೆತಂದವರೂ ಉಂಟು. ಇವರು ವೃಂದದೋಷಕ್ಕೆ ಉದಾಹರಣೆಗಳು, ವೃಂದವೇ ಬೇಡವೆಂಬುದಕ್ಕೆ ಹೇತುಗಳಲ್ಲ. ಧ್ವನಿವರ್ಧಕದ ವಿಷಯದಲ್ಲಿಯೂ ಹೀಗೆಯೇ. ಯಂತ್ರವನ್ನು ಮೊದಲನೆಯವನ ಮುಂದೆ ಮಾತ್ರ ನಿಲ್ಲಿಸಿದರೆ ಅವನು ಉಸಿರೆಳೆದಾಗಲೆಲ್ಲ ನಾದವು ಹಳ್ಳಕ್ಕೆ ಬಿದ್ದಂತಾಗುತ್ತದೆ. ಜೊತೆಗಾರನು ಆ ಹಳ್ಳವನ್ನು ತುಂಬುತ್ತಿದ್ದರೂ ಸಭೆಗೆ ಕೇಳಿಸುವುದಿಲ್ಲ. ಯಂತ್ರವು ಎರಡನೆಯವನನ್ನು ಅನಾವಶ್ಯಕನನ್ನಾಗಿ ಮಾಡಲಿಲ್ಲ. ಅವನು ಎಷ್ಟು ಆವಶ್ಯಕನೆಂಬುದನ್ನು ಹೀಗೆ ತೋರಿಸಿಕೊಟ್ಟಿತು.

ಆದುದರಿಂದ ಸಿದ್ಧಾಂತವಿಷ್ಟು. ಜೋಡಿವಾದನವು ಒಬ್ಬನ ಸಂಗೀತಕ್ಕೆ ಇನ್ನೊಬ್ಬನ ಅನುಕರಣವಲ್ಲ. ಇಬ್ಬರ ಉಸಿರಿನಿಂದ ಆದ ಒಂದು ಸಂಗೀತ. ಎರಡನೆಯವನ ಗುಣವು ಕೇಳಿಸದಿರುವುದರಲ್ಲಿಯೇ ಇರುವುದರಿಂದ ಅದನ್ನು ಕೇಳುವ ಹೊಣೆಯು ವಿಮರ್ಶಕನ ಮೇಲೆ ಹೆಚ್ಚಾಗಿ ಬೀಳುತ್ತದೆ. ಆಹ್ವಾನಪತ್ರಿಕೆಯಲ್ಲಿಯೂ ವರದಿಯಲ್ಲಿಯೂ ಇಬ್ಬರ ಹೆಸರನ್ನೂ ಅಚ್ಚುಮಾಡುವುದು, ಸಂಭಾವನೆಯನ್ನು ಗೊತ್ತುಮಾಡುವಾಗ ಜೊತೆಗಾರನ ಪಾಲನ್ನು ವಿಚಾರಿಸುವುದು, ಇಬ್ಬರ ಮುಂದೆಯೂ ಧ್ವನಿಗ್ರಾಹಕವನ್ನಿಡುವುದು, ಇವು ಸಣ್ಣ ಕೆಲಸಗಳು. ಮಾಡಿದರೆ ಶಾಸ್ತ್ರಕ್ಕೂ ಲೋಕಕ್ಕೂ ಒಪ್ಪುವ ಕೆಲಸಗಳು. ಇದರಲ್ಲಿ ದೋಷವಿದ್ದರೆ ನಾಗಸ್ವರವನ್ನು ಬಲ್ಲವರು ತಿದ್ದಬೇಕೆಂದು ಪ್ರಾರ್ಥನೆ.