ಕೊಯ್ಲಿನ ಮುಹೂರ್ತ

ಫ್ರಿಟಿಲರಿ ಹೂವಿನಿಂದ ಶುರು ಮಾಡುತ್ತೇನೆ. ಇಂಗ್ಲೆಂಡಿನ ಕ್ರಿಕ್‌ಲೇಡ್ ಊರಿನ ಪಕ್ಕ, ಥೇಮ್ಸ್ ಮತ್ತು ಚರ್ನ್ ನದಿಗಳ ನಡುವೆ ಇರುವ ನಾರ್ತ್ ಮೆಡೋ ಸುಮಾರು 44 ಹೆಕ್ಟೇರಿನ ಹುಲ್ಲುಬಯಲು. ಚಳಿಗಾಲದ ನೆರೆ ಅದಕ್ಕೆ ಮಾಮೂಲು. ಬ್ರಿಟನ್ನಿನಲ್ಲಿ ಕಾಡುಹೂವಾಗಿ ಉಳಿದಿರುವ ಫ್ರಿಟಿಲರಿಯಲ್ಲಿ ಶೇ 80ರಷ್ಟು ಇಲ್ಲೇ ಇದೆ ಎಂದು ಅಂದಾಜು. ಏಪ್ರಿಲ್‌ನಲ್ಲಿ ಸಪೂರ ದಂಟಿನ ತುದಿಯಲ್ಲಿ ತಲೆ ತಗ್ಗಿಸಿ ಅರಳುತ್ತದೆ. ನೇರಳೆ ಎಸಳಿನ ತುಂಬ ಮಗ್ಗದಲ್ಲಿ ನೇಯ್ದಂತೆ ಚೌಕಳಿ.

ಇದು ಉಳಿದಿರುವುದು ಯಾರೂ ಮುಟ್ಟದ್ದರಿಂದ ಅಲ್ಲ. ಬೀಜ ಉದುರಿದ ಮೇಲೆ, ಜುಲೈನಲ್ಲಿ ಹುಲ್ಲು ಕೊಯ್ದು ಒಣಗಿಸಿ ಒಯ್ಯುತ್ತಾರೆ. ಆಗಸ್ಟ್ 12ರಿಂದ ಫೆಬ್ರುವರಿ 12ರವರೆಗೆ ಅದು ಊರವರ ದನಗಳ ಗೋಮಾಳ. ಬೇಲಿ ಹಾಕಿ ಸುಮ್ಮನಿದ್ದರೆ ಪ್ರಕೃತಿ ತಾನೇ ನೋಡಿಕೊಳ್ಳುತ್ತದೆ ಎನ್ನುವವರ ಜೊತೆ ನನ್ನ ತಕರಾರಿದೆ. ನೆರೆ ತರುವ ಹೂಳಿನಲ್ಲಿ ರಂಜಕ ಇರುತ್ತದೆ. ಹುಲ್ಲು ಕೊಯ್ದು ಹೊರಗೆ ಸಾಗಿಸದಿದ್ದರೆ ನೆಲ ಕೊಬ್ಬುತ್ತದೆ. ಒರಟು ಹುಲ್ಲು, ಜೇಕು ಮೇಲೆದ್ದು ಸಣ್ಣ ಹೂಗಳನ್ನು ಮುಚ್ಚಿಹಾಕುತ್ತವೆ.

ಹಾಗಾದರೆ ಕೊಯ್ಲು ಯಾವಾಗ? ಹೂವನ್ನು ಇಲ್ಲಿಗೆ ಬಿಡುತ್ತೇನೆ, ಈ ಪ್ರಶ್ನೆ ಅದಕ್ಕಿಂತ ದೊಡ್ಡದು. ನೆಲದ ಸಾರ ನೋಡುವ ಸಸ್ಯತಜ್ಞರಿಗೆ ಕೊಯ್ಲು ಬೇಗ ಆಗಬೇಕು, ತಡವಾದಷ್ಟೂ ಸಾರ ಎಲೆಯಿಂದ ಬೇರಿಗೆ ಇಳಿಯುತ್ತದೆ. ಹಕ್ಕಿ ಕಾಯುವವರಿಗೆ ಕರ್ಲ್ಯೂ ಚಿಂತೆ. ಚಳಿಗಾಲದಲ್ಲಿ ನಮ್ಮ ಕರಾವಳಿಯ ಅಳಿವೆಗಳಲ್ಲಿ ಕೆಸರು ಕೆದಕುತ್ತದಲ್ಲ, ಆ ಬಾಗುಕೊಕ್ಕಿನ ಹಕ್ಕಿಯ ಜಾತಿಯೇ ಇದು. ನೆಲದ ಮೇಲೆ 4 ಮೊಟ್ಟೆ, 4 ವಾರ ಕಾವು, ಮರಿ ಹಾರಲು ಮತ್ತೆ 5-6 ವಾರ. ಯಂತ್ರ ಬಂದರೆ ಎಳೆಮರಿ ಓಡುವುದಿಲ್ಲ. ಮೈ ಕುಗ್ಗಿಸಿ ಹುಲ್ಲಿನಲ್ಲಿ ಅಲ್ಲಾಡದೆ ಕೂರುತ್ತದೆ. ನರಿಯ ಕಣ್ಣು ತಪ್ಪಿಸುವ ಈ ಉಪಾಯ ಬ್ಲೇಡಿನ ಮುಂದೆ ನಡೆಯುವುದಿಲ್ಲ. ಮೇ ತಿಂಗಳಲ್ಲೇ ರಸಮೇವಿಗೆ ಕತ್ತರಿಸುವ ಹೊಲದಲ್ಲಂತೂ ಮರಿಗಳಿಗೆ ಉಳಿಗಾಲವಿಲ್ಲ. 2015ರಲ್ಲಿ ಬ್ರಿಟನ್ನಿನ ಹಕ್ಕಿತಜ್ಞರು ಕರ್ಲ್ಯೂವನ್ನು ಕೆಂಪು ಪಟ್ಟಿಗೆ ಸೇರಿಸಿದರು.

ಹೂವಿನವರು, ಹಕ್ಕಿಯವರು ಇಬ್ಬರೂ ಸರಿ. ತಪ್ಪಿರುವುದು ಎಲ್ಲ ಬಯಲಿಗೂ ಒಂದೇ ತಾರೀಖು ಬರೆದಿಡುವ ಕಾಗದದಲ್ಲಿ. ಗೂಡಿರುವ ತುಂಡನ್ನು ಮರಿ ಹಾರುವವರೆಗೆ ಕೊಯ್ಯದೆ ಬಿಡಲಿ, ಆ ಹುಲ್ಲಿನ ಬೆಲೆಯನ್ನು ರೈತನಿಗೆ ಕಟ್ಟಿಕೊಡಲಿ. ಉಳಿದ ಬಯಲನ್ನು ಯಾವಾಗ ಕೊಯ್ಯಬೇಕೆಂದು ಹುಲ್ಲು, ಬಿಸಿಲು ನೋಡಿ ರೈತನೇ ತೀರ್ಮಾನಿಸಲಿ.