ಎಲ್‌ಟಿಎಸ್‌ಪಿ ಟರ್ಮಿನಲ್ ಸರ್ವರ್: ಬೂಟ್ ಮತ್ತು ಲಾಗಿನ್ ದೋಷಗಳ ಒಂದು ವಿಮರ್ಶೆ

ಶಾಲೆಯ ಗಣಕ ಕೊಠಡಿಯಲ್ಲಿ ಇಪ್ಪತ್ತು ಗಣಕಗಳಿವೆ, ಆದರೆ ಒಂದರಲ್ಲೂ ಹಾರ್ಡ್ ಡಿಸ್ಕ್ ಇಲ್ಲ, ಆದರೂ ಎಲ್ಲವೂ ಕೆಲಸ ಮಾಡುತ್ತವೆ ಎಂದರೆ ನಿಮ್ಮ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ. ಟರ್ಮಿನಲ್ ಸರ್ವರ್ ಎಂಬ ವ್ಯವಸ್ಥೆಯಲ್ಲಿ ಇದು ಸಾಧ್ಯ. ಇಲ್ಲಿ ಒಂದು ಬಲವಾದ ಗಣಕ ಎಲ್ಲರ ಕೆಲಸವನ್ನೂ ಮಾಡುತ್ತದೆ. ವಿದ್ಯಾರ್ಥಿಯ ಮುಂದಿರುವ ಗಣಕವು ಪರದೆ, ಕೀಲಿಮಣೆ ಮತ್ತು ಮೌಸ್‌ಗಳನ್ನು ಅದಕ್ಕೆ ಜೋಡಿಸಿಕೊಡುತ್ತದೆ, ಅಷ್ಟೆ. ಇಂತಹ ಗಣಕವನ್ನು ಥಿನ್ ಕ್ಲಯಂಟ್ ಎಂದು ಕರೆಯುತ್ತಾರೆ. ಮೂಲೆಗೆ ಸೇರಿದ ಹಳೆಯ ಗಣಕಗಳೂ ಈ ಕೆಲಸಕ್ಕೆ ಸಾಕಾಗುವುದರಿಂದ ಬಡ ಶಾಲೆಗಳಿಗೆ ಇದು ಆಕರ್ಷಕವಾದ ದಾರಿ.

ಲಿನಕ್ಸ್ ಜಗತ್ತಿನಲ್ಲಿ ಈ ದಾರಿಯನ್ನು ಜನಪ್ರಿಯಗೊಳಿಸಿದ್ದು ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್, ಅಂದರೆ ಎಲ್‌ಟಿಎಸ್‌ಪಿ. ಅಮೆರಿಕದ ಜಿಮ್ ಮೆಕ್‌ಕ್ವಿಲನ್ 1999ರಲ್ಲಿ ಇದನ್ನು ಆರಂಭಿಸಿದರು. ಇದರ ಗುಣಗಳನ್ನು ವಿವರಿಸುವ ಬರಹಗಳು ಸಾಕಷ್ಟಿವೆ. ಈ ಲೇಖನದ ಪ್ರಶ್ನೆ ಬೇರೆ. ವ್ಯವಸ್ಥೆ ಕೆಟ್ಟಾಗ ಅದು ತನ್ನ ದೋಷವನ್ನು ಶಿಕ್ಷಕರಿಗೆ ಹೇಳುತ್ತದೆಯೆ? ಪ್ರತ್ಯೇಕ ಗಣಕಗಳ ಕೊಠಡಿಯಲ್ಲಿ ಒಂದು ಕೆಟ್ಟರೆ ಉಳಿದವು ನಡೆಯುತ್ತವೆ. ಇಲ್ಲಿ ಸರ್ವರ್ ಕೆಟ್ಟರೆ ಇಡೀ ತರಗತಿ ನಿಲ್ಲುತ್ತದೆ. ಪಾಠದ ಅವಧಿ ಮುಕ್ಕಾಲು ಗಂಟೆ. ಅಷ್ಟರೊಳಗೆ ದೋಷ ಸಿಗದಿದ್ದರೆ ಅಂದಿನ ಪಾಠವಿಲ್ಲ. ನಾಲ್ಕು ಬಾರಿ ಹೀಗಾದರೆ ಕೊಠಡಿಗೆ ಬೀಗ ಬೀಳುತ್ತದೆ. ಯಂತ್ರಗಳೆಲ್ಲ ಸುಸ್ಥಿತಿಯಲ್ಲಿದ್ದೂ ಕೊಠಡಿ ಮುಚ್ಚಿಹೋಗುವುದು ಹೀಗೆ. ಆದ್ದರಿಂದ ದೋಷವನ್ನು ತಿಳಿಸುವ ಬಗೆಯೂ ಈ ವ್ಯವಸ್ಥೆಯ ಗುಣದ ಒಂದು ಭಾಗವೆಂದೇ ಎಣಿಸಬೇಕು.

ಐದು ಕೈ ಬದಲಾಗುವ ಬೂಟ್

ಹಾರ್ಡ್ ಡಿಸ್ಕ್ ಇಲ್ಲದ ಗಣಕ ಎಚ್ಚರಗೊಳ್ಳುವುದು ಹಂತ ಹಂತವಾಗಿ. ಮೊದಲು ಜಾಲ ಕಾರ್ಡಿನಲ್ಲಿರುವ ಪಿಎಕ್ಸ್‌ಇ ಎಂಬ ಪುಟ್ಟ ತಂತ್ರಾಂಶ ಕೆಲಸ ಆರಂಭಿಸುತ್ತದೆ. ಅದು ಜಾಲದಲ್ಲಿ 'ನನಗೊಂದು ವಿಳಾಸ ಕೊಡಿ' ಎಂದು ಕೂಗುತ್ತದೆ. ಡಿಎಚ್‌ಸಿಪಿ ಎಂಬ ಸೇವೆ ವಿಳಾಸದ ಜೊತೆಗೆ ತರಿಸಿಕೊಳ್ಳಬೇಕಾದ ಕಡತದ ಹೆಸರನ್ನೂ ಹೇಳುತ್ತದೆ. ಟಿಎಫ್‌ಟಿಪಿ ಎಂಬ ಸೇವೆ ಆ ಕಡತವನ್ನೂ, ಅನಂತರ ಲಿನಕ್ಸ್ ಕರ್ನಲ್ಲನ್ನೂ ಕಳಿಸುತ್ತದೆ. ಕರ್ನಲ್ ಎದ್ದು ತನ್ನ ಮೂಲ ಕಡತ ವ್ಯವಸ್ಥೆಯನ್ನು ಎನ್‌ಎಫ್‌ಎಸ್ ಅಥವಾ ಎನ್‌ಬಿಡಿ ಮೂಲಕ ಸರ್ವರಿನಿಂದ ಪಡೆಯುತ್ತದೆ. ಕೊನೆಗೆ ಲಾಗಿನ್ ಪರದೆ ಬರುತ್ತದೆ.

ಪ್ರತಿ ಹಂತವನ್ನೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಜನ ರೂಪಿಸಿದ್ದಾರೆ. ಒಂದು ಹಂತಕ್ಕೆ ಇನ್ನೊಂದರ ಸುದ್ದಿ ಗೊತ್ತಿಲ್ಲ. ಪರದೆಯ ಮೇಲಿನ ಸಂದೇಶಗಳು ಒಂದೇ ಭಾಷೆಯಲ್ಲಿ ಮಾತಾಡದಿರುವುದಕ್ಕೆ ಇದೇ ಕಾರಣ. ವಿಚಿತ್ರವೆಂದರೆ, ಇವುಗಳಲ್ಲೆಲ್ಲ ಅತ್ಯಂತ ಒರಟಾದ ಪಿಎಕ್ಸ್‌ಇಯೇ ಹೆಚ್ಚು ಪ್ರಾಮಾಣಿಕ. ಅದು ಚಿಕ್ಕ ಸಂಕೇತಗಳನ್ನು ಕೊಡುತ್ತದೆ. ಇ61 ಎಂದರೆ ಕೇಬಲ್ ಸಂಪರ್ಕವೇ ಇಲ್ಲ. ಇ51 ಎಂದರೆ ಡಿಎಚ್‌ಸಿಪಿಯಿಂದ ಉತ್ತರ ಬರಲಿಲ್ಲ. ಇ53 ಎಂದರೆ ಉತ್ತರ ಬಂತು, ಆದರೆ ಕಡತದ ಹೆಸರು ಅದರಲ್ಲಿರಲಿಲ್ಲ. ಇ32 ಎಂದರೆ ಟಿಎಫ್‌ಟಿಪಿ ಸೇವೆ ಬಾಗಿಲು ತೆರೆಯಲಿಲ್ಲ. ಇ3ಬಿ ಎಂದರೆ ಬಾಗಿಲು ತೆರೆಯಿತು, ಕೇಳಿದ ಕಡತ ಅಲ್ಲಿರಲಿಲ್ಲ.

ಇ51 ಮತ್ತು ಇ53ರ ನಡುವಿನ ವ್ಯತ್ಯಾಸವನ್ನು ನೀವು ಗಮನಿಸಬೇಕು. ಮೊದಲನೆಯದರಲ್ಲಿ ಜಾಲದಲ್ಲಿ ಉತ್ತರಿಸುವವರಿಲ್ಲ. ಎರಡನೆಯದರಲ್ಲಿ ಉತ್ತರಿಸುವವರಿದ್ದಾರೆ, ಆದರೆ ಅವರು ಬೇರೆಯವರು. ಕಚೇರಿಗೆಂದು ತಂದ ಬ್ರಾಡ್‌ಬ್ಯಾಂಡ್ ರೂಟರನ್ನು ಯಾರೋ ಅದೇ ಸ್ವಿಚ್ಚಿಗೆ ಜೋಡಿಸಿರುತ್ತಾರೆ. ಅದರೊಳಗೂ ಒಂದು ಡಿಎಚ್‌ಸಿಪಿ ಸೇವೆ ಇರುತ್ತದೆ. ಯಾರು ಮೊದಲು ಉತ್ತರಿಸುತ್ತಾರೆ ಎಂಬುದರ ಮೇಲೆ ಕೆಲವು ಗಣಕಗಳು ಏಳುತ್ತವೆ, ಕೆಲವು ಏಳುವುದಿಲ್ಲ, ಮರುದಿನ ಅದು ಅದಲುಬದಲಾಗುತ್ತದೆ. 'ಮನಸ್ಸು ಬಂದರೆ ಏಳುತ್ತದೆ' ಎಂದು ದೂರುವ ಕ್ಲಯಂಟ್‌ಗಳ ರಹಸ್ಯ ಅನೇಕ ವೇಳೆ ಇಷ್ಟೇ ಆಗಿರುತ್ತದೆ.

ಇನ್ನೆರಡು ಕಾರಣಗಳು ನಮ್ಮ ಊರುಗಳಿಗೆ ತೀರ ಪರಿಚಿತ. ವಿದ್ಯುತ್ ಹೋಗಿ ಬಂದಾಗ ಸರ್ವರ್ ಏಳುವುದು ನಿಧಾನ, ಕ್ಲಯಂಟ್ ಏಳುವುದು ಬೇಗ. ಕ್ಲಯಂಟ್ ಕೂಗಿದಾಗ ಉತ್ತರಿಸಬೇಕಾದ ಸೇವೆ ಇನ್ನೂ ಎದ್ದಿರುವುದಿಲ್ಲ. ಮತ್ತೆ ಒಮ್ಮೆ ಕ್ಲಯಂಟನ್ನು ಆರಿಸಿ ಹೊತ್ತಿಸಿದರೆ ಸರಿಹೋಗುತ್ತದೆ. ಎರಡನೆಯದು, ಹಳೆಯ ಗಣಕದ ಮದರ್‌ಬೋರ್ಡಿನಲ್ಲಿರುವ ನಾಣ್ಯದಂತಹ ಬ್ಯಾಟರಿ. ಅದು ಸತ್ತರೆ ಬಯಾಸ್‌ನ ಆಯ್ಕೆಗಳು ಅಳಿದುಹೋಗುತ್ತವೆ. ಜಾಲದಿಂದ ಬೂಟ್ ಆಗಬೇಕೆಂಬುದನ್ನೇ ಗಣಕ ಮರೆಯುತ್ತದೆ. ಇಲ್ಲದ ಹಾರ್ಡ್ ಡಿಸ್ಕನ್ನು ಹುಡುಕುತ್ತ ನಿಲ್ಲುತ್ತದೆ. ಈ ದೋಷಕ್ಕೆ ಸರ್ವರಿನಲ್ಲಿ ಎಷ್ಟು ಹುಡುಕಿದರೂ ಮದ್ದು ಸಿಗದು.

ಮುಚ್ಚಿದ ತೆರೆ

ಕರ್ನಲ್ ಬಂದ ಮೇಲೆ ಎಲ್‌ಟಿಎಸ್‌ಪಿಯ ಸ್ವಂತ ಆವರಣ ಆರಂಭ. ನನ್ನ ಮೊದಲ ಆಕ್ಷೇಪವೂ ಇಲ್ಲಿಯೇ. ಉಬುಂಟು ಜೊತೆ ಬರುತ್ತಿದ್ದ 5ನೇ ಆವೃತ್ತಿಯಲ್ಲಿ ಬೂಟ್ ಸಂರಚನೆಯ ಸಾಲಿಗೆ 'ಕ್ವಯಟ್' ಮತ್ತು 'ಸ್ಪ್ಲಾಶ್' ಎಂಬ ಎರಡು ಪದಗಳನ್ನು ಮೊದಲೇ ಸೇರಿಸಲಾಗಿತ್ತು. ಇವು ಕರ್ನಲ್ಲಿನ ಮಾತನ್ನು ಅಡಗಿಸಿ ಅಂದವಾದ ಚಿತ್ರವೊಂದನ್ನು ತೋರಿಸುತ್ತವೆ. ಮನೆಯ ಗಣಕಕ್ಕೆ ಇದು ಸರಿ. ಆದರೆ ಹತ್ತು ಮಾರು ದೂರದ ಸರ್ವರನ್ನು ನಂಬಿ ಏಳುವ ಯಂತ್ರಕ್ಕೆ ಇದು ಸಲ್ಲದು. ಎನ್‌ಬಿಡಿ ಸಂಪರ್ಕ ದೊರೆಯದೆ ಕ್ಲಯಂಟ್ ನಿಂತಾಗ ಶಿಕ್ಷಕರಿಗೆ ಕಾಣುವುದು ಚಲಿಸದ ಚಿತ್ರ ಮಾತ್ರ. ಆ ಎರಡು ಪದಗಳನ್ನು ಅಳಿಸಿದರೆ ಯಾವ ಸಾಲಿನಲ್ಲಿ ನಿಂತಿತೆಂಬುದು ತಾನಾಗಿ ತಿಳಿಯುತ್ತದೆ. ರೋಗಿಯ ಬಾಯಿ ಕಟ್ಟಿ ವೈದ್ಯರ ಮುಂದೆ ಕೂರಿಸಿದಂತೆ ಈ ವ್ಯವಸ್ಥೆ ಇತ್ತು ಎಂದರೆ ಹೆಚ್ಚಾಗದು.

ತಿರುಗಿ ಬಿದ್ದ ಸಂದೇಶ

ಎರಡನೆಯ ಆಕ್ಷೇಪ ಲಾಗಿನ್ ಕುರಿತದ್ದು. 4ನೇ ಆವೃತ್ತಿಯವರೆಗೆ ಎಕ್ಸ್‌ಡಿಎಂಸಿಪಿ ಎಂಬ ವಿಧಾನದಿಂದ ಲಾಗಿನ್ ನಡೆಯುತ್ತಿತ್ತು. ಅದು ಸರಳವಾಗಿತ್ತು, ಆದರೆ ವಿದ್ಯಾರ್ಥಿ ಒತ್ತಿದ ಪ್ರತಿ ಕೀಲಿಯೂ, ಪಾಸ್‌ವರ್ಡ್ ಸಹಿತ, ಜಾಲದಲ್ಲಿ ಬಯಲಾಗಿಯೇ ಸಾಗುತ್ತಿತ್ತು. 5ನೇ ಆವೃತ್ತಿ ಇದನ್ನು ಬಿಟ್ಟು ಎಸ್‌ಎಸ್‌ಎಚ್ ಎಂಬ ಗೂಢಲಿಪಿ ಮಾರ್ಗವನ್ನು ಹಿಡಿಯಿತು. ಈ ನಿರ್ಧಾರ ಸರಿಯಾದದ್ದು ಎಂಬುದರಲ್ಲಿ ಸಂದೇಹವಿಲ್ಲ.

ಎಸ್‌ಎಸ್‌ಎಚ್ ಬಳಸುವಾಗ ಕ್ಲಯಂಟ್ ಮೊದಲು ಸರ್ವರಿನ ಗುರುತನ್ನು ಪರೀಕ್ಷಿಸುತ್ತದೆ. ನಕಲಿ ಸರ್ವರೊಂದು ಮಕ್ಕಳ ಪಾಸ್‌ವರ್ಡ್ ಕದಿಯಬಾರದೆಂಬುದೇ ಇದರ ಉದ್ದೇಶ. ಸರ್ವರಿನ ವಿಳಾಸ ಮತ್ತು ಅದರ ಕೀಲಿಯ ಪಟ್ಟಿ ಕ್ಲಯಂಟ್‌ಗಳು ಬಳಸುವ ಇಮೇಜ್ ಕಡತದೊಳಗೆ ಇರುತ್ತದೆ. ಸರ್ವರಿನ ವಿಳಾಸ ಬದಲಾದರೆ, ಅಥವಾ ಅದರಲ್ಲಿ ಲಿನಕ್ಸನ್ನು ಹೊಸದಾಗಿ ಅನುಸ್ಥಾಪಿಸಿದರೆ, ಪಟ್ಟಿ ಹಳೆಯದಾಗುತ್ತದೆ. ಆಗ ಕ್ಲಯಂಟ್ ಲಾಗಿನ್ ಮಾಡಲು ನಿರಾಕರಿಸುತ್ತದೆ. ನಿರಾಕರಣೆಯೂ ಸರಿಯೇ. ಆದರೆ ಪರದೆಯ ಮೇಲೆ ಬರುತ್ತಿದ್ದ ಸಂದೇಶದ ಅರ್ಥವೇನು? ಈ ಗಣಕಕ್ಕೆ ಸರ್ವರನ್ನು ಸಂಪರ್ಕಿಸಲು ಅಧಿಕಾರವಿಲ್ಲ ಎಂದು!

ನಿಜ ಸ್ಥಿತಿ ಇದಕ್ಕೆ ತದ್ವಿರುದ್ಧ. ಸರ್ವರ್ ಕ್ಲಯಂಟನ್ನು ತಡೆದಿಲ್ಲ. ಕ್ಲಯಂಟ್‌ಗೇ ಸರ್ವರಿನ ಮೇಲೆ ನಂಬಿಕೆ ಬರಲಿಲ್ಲ. ಸಂದೇಶವನ್ನು ನಂಬಿದ ಶಿಕ್ಷಕರು ಸರ್ವರಿನಲ್ಲಿ ಅನುಮತಿಗಳನ್ನು ಹುಡುಕುತ್ತಾರೆ, ಬಳಕೆದಾರರನ್ನು ಅಳಿಸಿ ಮತ್ತೆ ಸೇರಿಸುತ್ತಾರೆ, ಪಾಸ್‌ವರ್ಡ್ ಬದಲಿಸುತ್ತಾರೆ. ಯಾವುದರಿಂದಲೂ ಪ್ರಯೋಜನವಾಗುವುದಿಲ್ಲ. ದೋಷ ಎಲ್ಲಿದೆಯೋ ಅದರ ಎದುರು ದಿಕ್ಕಿಗೆ ಕೈ ತೋರಿಸುವ ಸಂದೇಶ, ಸಂದೇಶವೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಇದಕ್ಕೆ ಮಾರ್ಗದರ್ಶಿಗಳು ಹೇಳುವ ಪರಿಹಾರ ಎರಡು ಆದೇಶಗಳು. ಎಲ್‌ಟಿಎಸ್‌ಪಿ-ಅಪ್‌ಡೇಟ್-ಎಸ್‌ಎಸ್‌ಎಚ್‌ಕೀಸ್ ಎಂಬುದು ಪಟ್ಟಿಯನ್ನು ಸರಿಪಡಿಸುತ್ತದೆ. ಎಲ್‌ಟಿಎಸ್‌ಪಿ-ಅಪ್‌ಡೇಟ್-ಇಮೇಜ್ ಎಂಬುದು ಆ ಪಟ್ಟಿಯನ್ನು ಸೇರಿಸಿ ಇಮೇಜ್ ಕಡತವನ್ನು ಹೊಸದಾಗಿ ತಯಾರಿಸುತ್ತದೆ. ಎರಡನೆಯದನ್ನು ಮರೆತರೆ ಮೊದಲನೆಯದು ವ್ಯರ್ಥ. ಆದೇಶಗಳು ಸರಿಯಾಗಿಯೇ ಇವೆ. ಆದರೆ ಸರ್ವರಿನ ವಿಳಾಸ ಏಕೆ ಬದಲಾಯಿತು ಎಂಬ ಪ್ರಶ್ನೆಯನ್ನು ಅವು ಕೇಳುವುದಿಲ್ಲ. ಸರ್ವರಿಗೆ ಸ್ಥಿರ ವಿಳಾಸ ಕೊಡದೆ ಬೇರೊಂದು ರೂಟರಿನಿಂದ ಪಡೆಯುವಂತೆ ಬಿಟ್ಟಿದ್ದರೆ ಮುಂದಿನ ಬಾರಿ ವಿದ್ಯುತ್ ಹೋದಾಗ ಅದೇ ದೋಷ ಮರಳಬಹುದು. ಕಾರಣ ಕೇಳದ ಮದ್ದು ಜ್ವರವನ್ನು ಇಳಿಸುತ್ತದೆ, ರೋಗವನ್ನು ಬಿಡುತ್ತದೆ.

ಹೊಸ ರೂಪ, ಹಳೆಯ ಲಕ್ಷಣ

2019ರಲ್ಲಿ ಗ್ರೀಸ್‌ನ ಆಲ್ಕಿಸ್ ಜಾರ್ಜೋಪೌಲೋಸ್ ಅವರ ನೇತೃತ್ವದಲ್ಲಿ ಎಲ್‌ಟಿಎಸ್‌ಪಿಯನ್ನು ಹೊಸದಾಗಿ ಬರೆಯಲಾಯಿತು. ಇದರಲ್ಲಿ ಕ್ಲಯಂಟ್ ಜಾಲದಿಂದಲೇ ಬೂಟ್ ಆಗುತ್ತದೆ, ಆದರೆ ತಂತ್ರಾಂಶಗಳನ್ನು ತನ್ನ ಸಂಸ್ಕಾರಕದಲ್ಲಿಯೇ ನಡೆಸುತ್ತದೆ. ಸರ್ವರಿನ ಹೊರೆ ಇದರಿಂದ ಬಹಳ ಇಳಿಯಿತು. ಹಿಂದಿನ ಕೈಪಿಡಿಗಳಲ್ಲಿ ಸರ್ವರಿನ ಸ್ಮೃತಿಯನ್ನು ಲೆಕ್ಕ ಹಾಕಲು 256 ಎಂಬಿ ಜೊತೆಗೆ ತಲಾ ಬಳಕೆದಾರರಿಗೆ 192 ಎಂಬಿ ಎಂಬ ಸೂತ್ರವಿತ್ತು. ಇಪ್ಪತ್ತು ಮಂದಿಗೆ 4096 ಎಂಬಿ ಆಯಿತು. ಇಂದಿನ ಒಬ್ಬ ವಿದ್ಯಾರ್ಥಿ ಬ್ರೌಸರಿನಲ್ಲಿ ಕೆಲವು ಪುಟಗಳನ್ನು ತೆರೆದರೇ ಆ ಸೂತ್ರ ಕುಸಿಯುತ್ತದೆ. ಆದ್ದರಿಂದ ಹೊಸ ವಿನ್ಯಾಸ ಕಾಲಕ್ಕೆ ತಕ್ಕದ್ದು.

ಆದರೂ ಹಳೆಯ ಲಕ್ಷಣವೊಂದು ಉಳಿದಿದೆ. ಬಳಕೆದಾರರ ಹೆಸರಿನ ಪಟ್ಟಿಯನ್ನು ಬೂಟ್ ಸಮಯದ ಒಂದು ಕಡತದೊಳಗೆ ನಕಲು ಮಾಡಿ ಇಡಲಾಗುತ್ತದೆ. ಪಾಸ್‌ವರ್ಡ್ ಪರೀಕ್ಷೆ ಮಾತ್ರ ಎಸ್‌ಎಸ್‌ಎಚ್ ಮೂಲಕ ಸರ್ವರಿನಲ್ಲಿ ನಡೆಯುತ್ತದೆ. ಇದರ ಫಲ ಹೀಗಿದೆ: ಹಳೆಯ ವಿದ್ಯಾರ್ಥಿ ಪಾಸ್‌ವರ್ಡ್ ಬದಲಿಸಿದರೆ ತೊಂದರೆಯಿಲ್ಲ, ಆದರೆ ಹೊಸ ವಿದ್ಯಾರ್ಥಿಯನ್ನು ಸೇರಿಸಿ 'ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ' ಎಂಬ ಆದೇಶವನ್ನು ಕೊಡದಿದ್ದರೆ ಅವನಿಗೆ ಲಾಗಿನ್ ಆಗುವುದಿಲ್ಲ. ಜೂನ್ ತಿಂಗಳಲ್ಲಿ ಹೊಸ ತರಗತಿ ಬಂದಾಗ ಹಳಬರೆಲ್ಲ ಒಳಗೆ, ಹೊಸಬರೆಲ್ಲ ಹೊರಗೆ! ಕೈಪಿಡಿಯಲ್ಲಿ ಈ ಸೂಚನೆ ಇದೆ ನಿಜ. ಆದರೆ ನೆನಪಿನ ಮೇಲೆ ನಿಂತ ಸೂಚನೆ ವಿನ್ಯಾಸಕ್ಕೆ ಬದಲಿಯಾಗದು. ಎರಡು ಪೀಳಿಗೆಗಳಲ್ಲೂ ದೋಷದ ಮೂಲ ಒಂದೇ. ಸತ್ಯ ಒಂದು ಕಡೆ ಇದೆ, ಅದರ ನಕಲು ಇನ್ನೊಂದು ಕಡೆ ಇದೆ, ನಕಲು ಹಳೆಯದಾಗಿದೆ ಎಂದು ಹೇಳುವವರು ಯಾರೂ ಇಲ್ಲ.

ನೀವೇನು ಮಾಡಬಹುದು

ವ್ಯವಸ್ಥೆ ಹೇಳದಿದ್ದುದನ್ನು ಪ್ರಯೋಗದಿಂದ ಹೇಳಿಸಬಹುದು. ಬೂಟ್ ದೋಷವಾದರೆ ಸರ್ವರಿನ ಸಿಸ್‌ಲಾಗ್ ಕಡತವನ್ನು ತೆರೆದಿಟ್ಟುಕೊಂಡು ಒಂದೇ ಕ್ಲಯಂಟನ್ನು ಹೊತ್ತಿಸಿ. ಡಿಎಚ್‌ಸಿಪಿಯ ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್ ಎಂಬ ನಾಲ್ಕು ಮಾತುಗಳಲ್ಲಿ ಎಲ್ಲಿಯವರೆಗೆ ಬಂತು ನೋಡಿ. ಡಿಸ್ಕವರ್ ಕೂಡ ಕಾಣದಿದ್ದರೆ ಕೂಗು ಸರ್ವರನ್ನು ತಲುಪಿಲ್ಲ; ಕೇಬಲ್, ಸ್ವಿಚ್ ನೋಡಬೇಕು. ಸರ್ವರಿನಲ್ಲಿ ಎರಡು ಜಾಲ ಕಾರ್ಡುಗಳಿದ್ದರೆ ಕೇಬಲ್‌ಗಳು ಅದಲುಬದಲಾಗಿವೆಯೆ ಎಂದೂ ನೋಡಬೇಕು. ಆಫರ್‌ವರೆಗೆ ಬಂದು ಪದೇ ಪದೇ ಡಿಸ್ಕವರ್ ಬರುತ್ತಿದ್ದರೆ ಉತ್ತರ ಹಿಂದಿರುಗುತ್ತಿಲ್ಲ, ಅಥವಾ ಇನ್ನೊಬ್ಬರ ಉತ್ತರ ಮೊದಲು ಸೇರುತ್ತಿದೆ.

ಲಾಗಿನ್ ದೋಷವಾದರೆ ಎರಡು ಸಾಲು, ಎರಡು ಕಂಬಗಳ ಕೋಷ್ಟಕ ಬರೆಯಿರಿ. ತೊಂದರೆಗೊಳಗಾದ ವಿದ್ಯಾರ್ಥಿಯನ್ನು ಬೇರೊಂದು ಕ್ಲಯಂಟಿನಲ್ಲಿ ಕೂರಿಸಿ. ತೊಂದರೆಗೊಳಗಾದ ಕ್ಲಯಂಟಿನಲ್ಲಿ ಬೇರೊಬ್ಬರನ್ನು ಕೂರಿಸಿ. ದೋಷ ವಿದ್ಯಾರ್ಥಿಯ ಹಿಂದೆ ಹೋದರೆ ಅವರ ಖಾತೆಯಲ್ಲಿದೆ. ಕ್ಲಯಂಟಿನಲ್ಲಿಯೇ ಉಳಿದರೆ ಆ ಕ್ಲಯಂಟಿನಲ್ಲಿದೆ. ಎಲ್ಲ ನಾಲ್ಕು ಮನೆಗಳಲ್ಲೂ ಕಂಡರೆ ಸರ್ವರಿನಲ್ಲಿ, ಅಥವಾ ಎಲ್ಲರೂ ಹಂಚಿಕೊಳ್ಳುವ ಇಮೇಜ್ ಕಡತದಲ್ಲಿದೆ. ಐದು ನಿಮಿಷದಲ್ಲಿ ಮುಗಿಯುವ ಈ ಪರೀಕ್ಷೆ ಗಂಟೆಗಟ್ಟಲೆ ಹುಡುಕಾಟವನ್ನು ಉಳಿಸುತ್ತದೆ.

ಪಾಸ್‌ವರ್ಡ್ ಸರಿಯಿದ್ದು, ಪರದೆ ಒಮ್ಮೆ ಮಿನುಗಿ ಮತ್ತೆ ಲಾಗಿನ್‌ಗೇ ಮರಳಿದರೆ, ಮೊದಲು ಸರ್ವರಿನ ಡಿಸ್ಕ್ ತುಂಬಿದೆಯೆ ನೋಡಿ. ವಿದ್ಯಾರ್ಥಿಯ ಮನೆಕೋಶದಲ್ಲಿ ಚಿಕ್ಕ ಕಡತವೊಂದನ್ನೂ ಬರೆಯಲಾಗದೆ ಡೆಸ್ಕ್‌ಟಾಪ್ ಕುಸಿದಿರಬಹುದು. ಈ ಸಂದರ್ಭದಲ್ಲಿ ರೂಟ್ ಖಾತೆಗೆ ಯಾವ ತೊಂದರೆಯೂ ಕಾಣದಿರುವುದುಂಟು. ಇಎಕ್ಸ್‌ಟಿ ಬಗೆಯ ಕಡತ ವ್ಯವಸ್ಥೆಗಳಲ್ಲಿ ಸಾಮಾನ್ಯವಾಗಿ ಶೇಕಡ 5ರಷ್ಟು ಜಾಗವನ್ನು ರೂಟ್‌ಗಾಗಿ ಕಾದಿರಿಸಲಾಗುತ್ತದೆ. ಆದ್ದರಿಂದ 'ನನಗೆ ಆಗುತ್ತದೆ, ತಪ್ಪು ಹುಡುಗರದ್ದೇ' ಎಂಬ ತೀರ್ಮಾನಕ್ಕೆ ಬರುವ ಮುನ್ನ ಡಿಸ್ಕನ್ನು ನೋಡುವುದು ನ್ಯಾಯ.

ಒಟ್ಟಿನಲ್ಲಿ

ಎಲ್‌ಟಿಎಸ್‌ಪಿ ಉತ್ತಮ ಕಲ್ಪನೆ. ಹಳೆಯ ಯಂತ್ರಗಳಿಗೆ ಮರುಜೀವ ಕೊಟ್ಟಿದೆ, ಬದಲಾವಣೆಯನ್ನು ಒಂದೇ ಕಡೆ ಮಾಡಿದರೆ ಸಾಕು ಎನ್ನುವ ನೆಮ್ಮದಿ ಕೊಟ್ಟಿದೆ, ಪಾಸ್‌ವರ್ಡಿನ ಗುಟ್ಟನ್ನು ಕಾಪಾಡುವಲ್ಲಿ ಸರಿಯಾದ ಹೆಜ್ಜೆ ಇಟ್ಟಿದೆ. ಅದರ ಕೊರತೆ ಸಂಪರ್ಕದ್ದಲ್ಲ, ಸಂವಹನದ್ದು. ಬಳಸುವವರಿಗೆ ತಂತ್ರಜ್ಞರ ನೆರವು ದೂರವಾದಷ್ಟೂ ದೋಷಸಂದೇಶ ಸ್ಪಷ್ಟವಾಗಿರಬೇಕು. ಯಾವ ಹಂತದಲ್ಲಿ ನಿಂತೆ, ಯಾರ ಉತ್ತರಕ್ಕಾಗಿ ಕಾಯುತ್ತಿದ್ದೇನೆ ಎಂಬ ಎರಡು ಮಾತುಗಳನ್ನು ಯಂತ್ರ ಹೇಳಿದ್ದರೆ ಅನೇಕ ಕೊಠಡಿಗಳು ತೆರೆದೇ ಇರುತ್ತಿದ್ದವು.

ಈ ವ್ಯವಸ್ಥೆಯನ್ನು ಬಳಸುವ ಶಿಕ್ಷಕರಲ್ಲಿ ಒಂದು ವಿನಂತಿ. ದೋಷ ಬಂದ ದಿನ ತರಗತಿಯನ್ನು ರದ್ದು ಮಾಡಬೇಡಿ. ಇ51, ಇ53 ಸಂಕೇತಗಳನ್ನು ಕರಿಹಲಗೆಯ ಮೇಲೆ ಬರೆಯಿರಿ, ಕೋಷ್ಟಕವನ್ನು ವಿದ್ಯಾರ್ಥಿಗಳಿಂದಲೇ ತುಂಬಿಸಿ. ಒಂದು ಬಾರಿಗೆ ಒಂದನ್ನೇ ಬದಲಿಸಿ ಫಲವನ್ನು ನೋಡುವುದೇ ಪ್ರಯೋಗದ ಮೊದಲ ನಿಯಮ. ಅದನ್ನು ಕಲಿಸಲು ಕೆಟ್ಟುನಿಂತ ಒಂದು ಥಿನ್ ಕ್ಲಯಂಟ್ ಸಾಕು.