ಮದ್ದಿನ ಚೀಟಿ ಮತ್ತು ಪೇಟೆಂಟಿನ ಮೊಹರು

ಮೀನು ಮಾರುಕಟ್ಟೆಯಲ್ಲಿ ನಾವು ಚೌಕಾಶಿ ಮಾಡುತ್ತೇವೆ. ಬಟ್ಟೆಯ ದರ ಹೆಚ್ಚೆನಿಸಿದರೆ ಪಕ್ಕದ ಅಂಗಡಿಗೆ ಹೋಗುತ್ತೇವೆ. ಮೆಡಿಕಲ್ ಶಾಪಿನ ಮುಂದೆ ಮಾತ್ರ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಮದ್ದನ್ನು ಆಯುವವರು ವೈದ್ಯರು, ಹಣ ಕೊಡುವವರು ನಾವು. ಕೊಳ್ಳುವವನಿಗೆ ಆಯ್ಕೆಯೇ ಇಲ್ಲದ ಇಂಥ ಮಾರುಕಟ್ಟೆಯಲ್ಲಿ ಒಬ್ಬನೇ ಮಾರಾಟಗಾರನಿಗೆ 20 ವರ್ಷಗಳ ಏಕಸ್ವಾಮ್ಯ ಕೊಟ್ಟರೆ ಏನಾದೀತು? ಪೇಟೆಂಟ್ ಕಾನೂನನ್ನು ಅಳೆಯಬೇಕಾದುದು ಈ ಪ್ರಶ್ನೆಯಿಂದ.

1970ರ ಪೇಟೆಂಟ್ ಕಾಯ್ದೆ ಇದಕ್ಕೆ ವಿವೇಕದ ಉತ್ತರ ಕೊಟ್ಟಿತ್ತು. ಮದ್ದಿಗೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಉಂಟು. ಬೇರೆ ವಿಧಾನದಿಂದ ಅದೇ ಮದ್ದನ್ನು ತಯಾರಿಸಲು ಯಾರಿಗೂ ಅಡ್ಡಿಯಿರಲಿಲ್ಲ. ಈ ನೆಲೆಯಲ್ಲೇ ನಮ್ಮ ಔಷಧೋದ್ಯಮ ಬೆಳೆಯಿತು. 2001ರಲ್ಲಿ ಸಿಪ್ಲಾದ ಯೂಸುಫ್ ಹಮೀದ್, ಏಡ್ಸ್ ರೋಗಿಯ ಒಂದು ವರ್ಷದ ಮದ್ದನ್ನು 350 ಡಾಲರಿಗೆ ಕೊಡಲು ಮುಂದೆ ಬಂದರು. ಪಾಶ್ಚಾತ್ಯ ಕಂಪೆನಿಗಳ ದರ ಅದುವರೆಗೆ 10,000 ಡಾಲರಿನ ಆಸುಪಾಸಿನಲ್ಲಿತ್ತು.

1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ಈ ಬಾಗಿಲನ್ನು ಮುಚ್ಚಿಸಿತು. 2005ರಿಂದ ಮದ್ದಿಗೂ ಪೇಟೆಂಟ್ ಬಂತು. ಆದರೂ ಕಾಯ್ದೆಯಲ್ಲಿ ಎರಡು ಕಿಂಡಿಗಳು ಉಳಿದವು. ಹಳೆಯ ಮದ್ದಿನ ರೂಪ ಬದಲಿಸಿದರೆ ಸಾಲದು, ಅದರ ಗುಣ ಹೆಚ್ಚಿರಬೇಕು ಎನ್ನುತ್ತದೆ ಕಲಂ 3(ಡಿ). ಇದರ ಆಧಾರದಲ್ಲೇ 2013ರ ಎಪ್ರಿಲ್ 1ರಂದು ಸುಪ್ರೀಂ ಕೋರ್ಟು ನೊವಾರ್ಟಿಸ್ ಕಂಪೆನಿಯ ರಕ್ತ ಕ್ಯಾನ್ಸರ್ ಮದ್ದಿನ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು. ಎರಡನೆಯದು ಕಡ್ಡಾಯ ಪರವಾನಗಿ. ಬೇಯರ್ ಕಂಪೆನಿ ಕ್ಯಾನ್ಸರ್ ಮದ್ದೊಂದಕ್ಕೆ ತಿಂಗಳಿಗೆ ಸುಮಾರು 2.80 ಲಕ್ಷ ರೂ. ಪಡೆಯುತ್ತಿತ್ತು. 2012ರ ಮಾರ್ಚ್‌ನಲ್ಲಿ ಅದನ್ನೇ 8,880 ರೂ.ಗೆ ಮಾರಲು ಹೈದರಾಬಾದಿನ ನ್ಯಾಟ್ಕೋಗೆ ಪರವಾನಗಿ ದೊರೆಯಿತು.

ಸಂಶೋಧನೆಗೆ ಪ್ರತಿಫಲ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ಆ ಆದೇಶದಲ್ಲೂ ಬೇಯರ್‌ಗೆ ಮಾರಾಟದ 6 ಶೇಕಡಾ ರಾಯಧನ ನಿಗದಿಯಾಗಿತ್ತು. ಹಾಗಾಗಿ ನಮ್ಮ ತಕರಾರು ಪ್ರತಿಫಲದ ಬಗ್ಗೆ ಅಲ್ಲ, ಬೆಲೆ ಕಟ್ಟುವ ಸರ್ವಾಧಿಕಾರದ ಬಗ್ಗೆ.

ದುರಂತವೆಂದರೆ, ಆ ಕಿಂಡಿಗಳನ್ನು ನಾವೇ ಮುಚ್ಚುತ್ತಿದ್ದೇವೆ. 2013 ಮತ್ತು 2016ರಲ್ಲಿ ಬೇರೆ ಕಂಪೆನಿಗಳ ಕಡ್ಡಾಯ ಪರವಾನಗಿ ಅರ್ಜಿಗಳು ತಿರಸ್ಕೃತವಾದವು. ಪೇಟೆಂಟ್ ಪಡೆದ ಮದ್ದು ದೇಶದಲ್ಲಿ ಎಷ್ಟರ ಮಟ್ಟಿಗೆ ವಾಣಿಜ್ಯ ಬಳಕೆಗೆ ಬಂತೆಂದು ಕಂಪೆನಿಗಳು ಪ್ರತಿ ವರ್ಷ ಲೆಕ್ಕ ಒಪ್ಪಿಸಬೇಕಿತ್ತು. ಬೇಯರ್ ವಿರುದ್ಧ ಸಾಕ್ಷಿಯಾದದ್ದೂ ಅಂಥ ಲೆಕ್ಕವೇ. 2024ರ ತಿದ್ದುಪಡಿ ನಿಯಮಗಳು ಅದನ್ನು ಮೂರು ವರ್ಷಕ್ಕೊಮ್ಮೆಗೆ ಇಳಿಸಿದವು. ಪೇಟೆಂಟ್ ಕೊಡುವ ಮೊದಲೇ ಆಕ್ಷೇಪ ಸಲ್ಲಿಸುವವರಿಗೆ ಶುಲ್ಕವನ್ನೂ ವಿಧಿಸಿದವು. 2023ರಲ್ಲಿ ಕ್ಷಯರೋಗದ ಮದ್ದು ಬೆಡಾಕ್ವಿಲಿನ್‌ಗೆ ಜಾನ್ಸನ್ ಎಂಡ್ ಜಾನ್ಸನ್ ಕಂಪೆನಿ ಕೇಳಿದ್ದ ಮತ್ತೊಂದು ಪೇಟೆಂಟನ್ನು ತಪ್ಪಿಸಿದ್ದು ಇಂಥದೇ ಆಕ್ಷೇಪ. ಸಲ್ಲಿಸಿದವರಲ್ಲಿ ಕ್ಷಯದಿಂದ ಗುಣಮುಖರಾದ ಇಬ್ಬರು ಮಹಿಳೆಯರಿದ್ದರು. 2025ರ ಜುಲೈಯಲ್ಲಿ ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದವಂತೂ ಮದ್ದು ಕೈಗೆಟಕಲು ಕಂಪೆನಿಗಳೇ ಸ್ವಇಚ್ಛೆಯಿಂದ ಕೊಡುವ ಪರವಾನಗಿಯೇ ಉತ್ತಮ ದಾರಿ ಎನ್ನುತ್ತದೆ. ಹಕ್ಕಾಗಿದ್ದುದು ಔದಾರ್ಯವಾಗಿ ಮಾರ್ಪಡುವುದು ಹೀಗೆ.

ಪೇಟೆಂಟ್ ಮುಗಿದ ಮದ್ದಿನ ಕಥೆಯೂ ಭಿನ್ನವಲ್ಲ. ಒಂದೇ ಮದ್ದು ಹಲವು ಬ್ರಾಂಡುಗಳಲ್ಲಿ, ಹಲವು ದರಗಳಲ್ಲಿ ಅಂಗಡಿಯಲ್ಲಿರುತ್ತದೆ. ಆದರೆ ಚೀಟಿಯಲ್ಲಿರುವ ಬ್ರಾಂಡಿನ ಬದಲು ಅಗ್ಗದ್ದನ್ನು ಕೊಡಲು ಔಷಧ ನಿಯಮಗಳು ಅಂಗಡಿಯವನನ್ನು ಬಿಡುವುದಿಲ್ಲ. ಮದ್ದಿನ ಮೂಲ ಹೆಸರನ್ನೇ ಬರೆಯಬೇಕೆಂದು 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ತಂದ ನಿಯಮ ಅದೇ ತಿಂಗಳು ಅಮಾನತಾಯಿತು. 2008ರಲ್ಲಿ ಆರಂಭವಾದ ಜನೌಷಧಿ ಮಳಿಗೆಗಳು ಇವೆ, ನಿಜ. ಆದರೆ ಚೀಟಿಯಲ್ಲಿ ಬ್ರಾಂಡಿನ ಹೆಸರಷ್ಟೇ ಇದ್ದರೆ ಬಡವ ಅಲ್ಲಿ ಏನೆಂದು ಕೇಳಿಯಾನು?

ಕಾನೂನು ರೋಗಿಯ ಪರವಾಗಿದ್ದರೆ ಸಾಲದು, ಅದು ಮೆಡಿಕಲ್ ಶಾಪಿನ ಕೌಂಟರಿನವರೆಗೂ ತಲುಪಬೇಕು. ಬಳಕೆದಾರರಾದ ನಾವು ವೈದ್ಯರಲ್ಲಿ ಮದ್ದಿನ ಮೂಲ ಹೆಸರನ್ನು ಕೇಳಿ ಬರೆಸಿಕೊಳ್ಳೋಣ. ಇನ್ನೊಂದು ವ್ಯಾಪಾರ ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಅದರಲ್ಲಿ ಮದ್ದಿನ ಬಗ್ಗೆ ಏನಿದೆಯೆಂದು ನಮ್ಮ ಸಂಸದರನ್ನು ಪ್ರಶ್ನಿಸೋಣ. ಬಾಯಿ ಕಟ್ಟಿದವರ ಮಾರುಕಟ್ಟೆಯಲ್ಲಿ ಬೆಲೆ ತಾನಾಗಿ ಇಳಿಯುವುದಿಲ್ಲ.